ಗಾಳಿಗೂ ಪರದೆಗೂ ಜಗಳವಿಲ್ಲ

ಏಪ್ರಿಲ್ ತಿಂಗಳ ಯಾವುದಾದರೂ ಒಂದು ಮಧ್ಯಾಹ್ನ 3 ಗಂಟೆ ಹೊತ್ತಿಗೆ ನಿಮ್ಮ ಅಡುಗೆಮನೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಕೆಲಸ ಮಾಡಬೇಡಿ, ಮೊಬೈಲ್ ಹಿಡಿಯಬೇಡಿ, ಕುಳಿತುಕೊಳ್ಳಿ, ಅಷ್ಟೇ. ಈ ಮಾತನ್ನು ಮನೆಯ ಗಂಡಸರಿಗೆ ಹೇಳುತ್ತಿದ್ದೇನೆ. ಹೆಂಗಸರಿಗೆ ಆ ಜಾಗ ಹೊಸದಲ್ಲ. ಹತ್ತು ನಿಮಿಷದಲ್ಲಿ ಬೆನ್ನು ಒದ್ದೆಯಾಗಿ ಎದ್ದು ಬರಬೇಕು ಅನ್ನಿಸಿದರೆ, ಹಾಲ್‌ನಲ್ಲಿ ಎಂಥ ಸೋಫಾ ಇದ್ದರೂ ಆ ಮನೆಯ ಲೆಕ್ಕದಲ್ಲಿ ಎಲ್ಲೋ ಒಂದು ತಪ್ಪು ಉಳಿದುಬಿಟ್ಟಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ನಮ್ಮ ಈ ಐದು ತಾಲೂಕುಗಳು 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಇಲ್ಲಿ ಮನೆಯ ನೆಮ್ಮದಿಯ ಮಾತು ಶುರುವಾಗುವುದು ಗೋಡೆಯ ಬಣ್ಣದಿಂದಲ್ಲ, ಬಿಸಿಲಿನಿಂದ. ಸೆಖೆಯಲ್ಲಿ ರಾತ್ರಿ ನಿದ್ದೆಯಿಲ್ಲದವರ ಮನೆಯಲ್ಲಿ ಬೆಳಿಗ್ಗೆ ಶಾಂತಿ ಇರುವುದು ಕಷ್ಟ. ಮಕ್ಕಳ ಮೇಲೆ ರೇಗುವುದು, ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಜಗಳ ತೆಗೆಯುವುದು, ಇವಕ್ಕೆಲ್ಲ ಎಷ್ಟೋ ಸಲ ಕಾರಣ ತಲೆಯ ಮೇಲಿನ ಸ್ಲ್ಯಾಬ್.

ನಮ್ಮ ಹಿರಿಯರ ಮಾಳಿಗೆ ಮನೆ ನೆನಪಿದೆಯೇ? ಕಲ್ಲು ಮಣ್ಣಿನ ಮೊಳ ದಪ್ಪದ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಜಂತೆ, ಸೊಪ್ಪು, ಅದರ ಮೇಲೆ ಚವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಬಂಡಿಯಲ್ಲಿ ಚವಳು ಮಣ್ಣು ತಂದು ಮಾಳಿಗೆಗೆ ಹಾಕುವುದು ವರ್ಷದ ಕೆಲಸಗಳಲ್ಲಿ ಒಂದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ನಡುಮನೆಯ ನೆತ್ತಿಯ ಮೇಲೊಂದು ಗವಾಕ್ಷಿ. ಬೆಳಕು ಅಲ್ಲಿಂದ ಇಳಿಯುತ್ತಿತ್ತು, ಒಲೆಯ ಹೊಗೆ ಮತ್ತು ಬಿಸಿಗಾಳಿ ಅಲ್ಲಿಂದಲೇ ಏರುತ್ತಿತ್ತು. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದನ್ನು ಮುಚ್ಚಬೇಕು. ಬೀದಿಯವರ ಕಣ್ಣು ಒಳಗೆ ಬೀಳದೆಯೇ ಆ ಮನೆ ಉಸಿರಾಡುತ್ತಿತ್ತು.

ಹಾಗೆಂದು ಆ ಮನೆಗೇ ಹಿಂತಿರುಗೋಣ ಎಂದು ನಾನು ಹೇಳುತ್ತಿಲ್ಲ. ಅದರ ಮೂಲೆಗಳು ಕತ್ತಲೆ. ಚೇಳು ಬೀಳುತ್ತಿತ್ತು, ಉಣ್ಣುವ ತಟ್ಟೆಗೆ ಮಣ್ಣು ಉದುರುತ್ತಿತ್ತು, ಜಡಿಮಳೆಗೆ ಗೋಡೆ ಕುಸಿಯುವ ಭಯ ಬೇರೆ. ಆರ್‌ಸಿಸಿ ಮನೆ ಕಟ್ಟಿದವರು ತಪ್ಪೇನೂ ಮಾಡಿಲ್ಲ. ಆದರೆ ಹಳೆಯ ಮನೆಯನ್ನು ಕೆಡವುವಾಗ ಅದರ ತೊಂದರೆಗಳ ಜೊತೆ ಅದರ ಬುದ್ಧಿಯನ್ನೂ ಮಣ್ಣಿನಲ್ಲಿ ಹೊತ್ತು ಹಾಕಿದೆವು. ದಪ್ಪ ಗೋಡೆ ಹೋಯಿತು, ಅರ್ಧ ಅಡಿಯ ಸಿಮೆಂಟ್ ಇಟ್ಟಿಗೆ ಬಂತು. ಗವಾಕ್ಷಿ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಐದಾರು ಅಂಗುಲದ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ರಾತ್ರಿ 11 ಗಂಟೆಗೂ ಫ್ಯಾನು ತಿರುಗಿಸುವುದು ಅದೇ ಬಿಸಿಗಾಳಿಯನ್ನು.

ಇದರ ಮೇಲೆ ನಮ್ಮ ಮನೆಗಳಲ್ಲಿ ಇನ್ನೊಂದು ಸೇರಿಕೊಂಡಿದೆ. ಕಿಟಕಿ ಇರುತ್ತದೆ, ಆದರೆ ತೆರೆಯುವುದಿಲ್ಲ. ಬೀದಿ ಮೂರು ಅಡಿ ದೂರದಲ್ಲಿದೆ, ಹೆಣ್ಣುಮಕ್ಕಳಿರುವ ಮನೆ, ಎದುರಿಗೆ ಅಂಗಡಿ. ಆದ್ದರಿಂದ ಗಾಜಿನ ಮೇಲೆ ಕಪ್ಪು ಹಾಳೆ, ಅದರ ಮೇಲೆ ದಪ್ಪ ಪರದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಬೀದಿ ಕಡೆಯ ಕಿಟಕಿಗೆ ನಾನೇ ಮೊಳೆ ಹೊಡೆದಿದ್ದೆ, ನಾಲ್ಕು ವರ್ಷ ಅದು ತೆರೆಯಲಿಲ್ಲ. ಮನೆಯವರಿಗೆ ಬೇಸಿಗೆಯಲ್ಲಿ ತಲೆಸುತ್ತು ಬಂದು ಒಂದು ದಿನ ಒಲೆಯ ಮುಂದೆಯೇ ಕುಸಿದಾಗ ಡಾಕ್ಟರು ಮೊದಲು ಕೇಳಿದ್ದು ಔಷಧಿಯ ಬಗ್ಗೆ ಅಲ್ಲ, ಅಡುಗೆಮನೆಯಲ್ಲಿ ಕಿಟಕಿ ಎಷ್ಟು ಎಂದು. ನನಗೆ ತಲೆ ಎತ್ತಿ ಉತ್ತರ ಹೇಳಲಾಗಲಿಲ್ಲ.

ಜಾಲಿಯ ಲೆಕ್ಕ

ಮನೆಯ ಮರ್ಯಾದೆಯೂ ಉಳಿಯಬೇಕು, ಗಾಳಿಯೂ ಬರಬೇಕು. ಇದು ನಮಗೆ ಬಂದ ಹೊಸ ಸಮಸ್ಯೆಯಲ್ಲ. ಉಮ್ರಾ ಅಥವಾ ಹಜ್‌ಗೆ ಹೋದವರಲ್ಲಿ ಕೆಲವರಾದರೂ ಜಿದ್ದಾದ ಹಳೆಯ ಪೇಟೆ, ಅಲ್ ಬಲದ್, ನೋಡಿರಬಹುದು. ಅಲ್ಲಿಯ ಮನೆಗಳ ಮುಂಭಾಗದಲ್ಲಿ ಬೀದಿಯ ಮೇಲೆ ಚಾಚಿಕೊಂಡ ಮರದ ದೊಡ್ಡ ಜಾಲರಿ ಕಿಟಕಿಗಳಿವೆ, ಅವುಗಳಿಗೆ ರೌಶನ್ ಎನ್ನುತ್ತಾರೆ. ಒಳಗೆ ಕುಳಿತವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ, ಗಾಳಿ ಮಾತ್ರ ಎರಡೂ ಕಡೆ ಓಡಾಡುತ್ತದೆ. ಕೈರೋದಲ್ಲಿ ಇದೇ ಬಗೆಯ ಕಿಟಕಿಗೆ ಮಶ್ರಬಿಯಾ ಎಂದು ಹೆಸರು. ಅದರ ಬಳಿ ಕುಡಿಯುವ ನೀರಿನ ಮಣ್ಣಿನ ಹೂಜಿ ಇಡುತ್ತಿದ್ದರು, ಗಾಳಿಗೆ ನೀರೂ ತಣ್ಣಗಾಗುತ್ತಿತ್ತು, ನೀರನ್ನು ಸವರಿ ಬಂದ ಗಾಳಿಯೂ ತಣ್ಣಗಿರುತ್ತಿತ್ತು. ಈಜಿಪ್ಟಿನ ಹಸನ್ ಫತ್ಹಿ ಎಂಬ ವಾಸ್ತುಶಿಲ್ಪಿ 1940ರ ದಶಕದಲ್ಲಿ ಲಕ್ಸರ್ ಬಳಿ ಬಡವರಿಗಾಗಿ ಹಸಿ ಇಟ್ಟಿಗೆಯ ಒಂದು ಊರನ್ನೇ ಕಟ್ಟಲು ಹೊರಟಾಗ ಕಾಂಕ್ರೀಟಿನ ಬದಲು ಒಳಂಗಳ, ದಪ್ಪ ಗೋಡೆ, ಜಾಲಿಗಳನ್ನೇ ನೆಚ್ಚಿಕೊಂಡರು. ಅಷ್ಟು ದೂರ ಯಾಕೆ, ನಮ್ಮ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಿಗಳು 17ನೇ ಶತಮಾನದಿಂದ ನಿಂತಿವೆ.

ಜಾಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ನಿಮ್ಮ ಮೇಸ್ತ್ರಿಗೆ ಹೇಳುವುದು ಸುಲಭ. ಹಗಲು ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಬೆಳಕಿನಲ್ಲಿ ನಿಂತವನ ಕಣ್ಣಿಗೆ ಸಣ್ಣ ರಂಧ್ರದ ಹಿಂದಿನ ಮಬ್ಬು ಕೋಣೆ ಕಪ್ಪಾಗಿಯೇ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದ ಕೂಡಲೇ ಇದು ತಿರುವುಮುರುವಾಗುತ್ತದೆ, ಆದ್ದರಿಂದ ಮಗ್ರಿಬ್ ನಂತರ ಜಾಲಿಯ ಮೇಲೆ ಒಂದು ಹಗುರ ಹತ್ತಿ ಪರದೆ ಎಳೆಯಬೇಕು. ಹಗಲೆಲ್ಲ ಎಳೆದಿಡಬೇಕಾಗಿಲ್ಲ. ಹೊಸ ಮನೆ ಕಟ್ಟುವವರು ಬೀದಿ ಬದಿಯ ಕಿಟಕಿಯ ಕೆಳಗಿನ ಅರ್ಧಕ್ಕೆ ಸಿಮೆಂಟ್ ಜಾಲಿ ಅಥವಾ ಬಿಡಿಬಿಡಿಯಾಗಿ ಜೋಡಿಸಿದ ಸುಟ್ಟ ಇಟ್ಟಿಗೆ ಇಡಿಸಿ, ಮೇಲಿನ ಅರ್ಧ ತೆರೆದಿರಲಿ. ಕೇರಳದಲ್ಲಿ ಲಾರಿ ಬೇಕರ್ ಇಟ್ಟಿಗೆ ಜಾಲಿಯ ಗೋಡೆಗಳನ್ನು ನೂರಾರು ಮನೆಗಳಿಗೆ ಇಟ್ಟರು. ಕಿಟಕಿಗೆ ಮರ, ಗಾಜು, ಕಬ್ಬಿಣ ಬೇಕು, ಇದಕ್ಕೆ ಇಟ್ಟಿಗೆಯೇ ಸಾಕು, ಖರ್ಚು ಕಡಿಮೆ. ಒಳಬದಿಗೆ ಸೊಳ್ಳೆಪರದೆಯ ಬಲೆ ಹೊಡೆಸುವುದನ್ನು ಮಾತ್ರ ಮರೆಯಬೇಡಿ.

ಒಂದೇ ಕಿಟಕಿಯಿಂದ ಗಾಳಿ ಬರುವುದಿಲ್ಲ. ಬಂದ ಗಾಳಿ ಹೋಗಲು ಎದುರು ಗೋಡೆಯಲ್ಲೋ, ಸೂರಿನ ಹತ್ತಿರವೋ ಇನ್ನೊಂದು ದಾರಿ ಇರಬೇಕು. ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ಎತ್ತರದ ವೆಂಟಿಲೇಟರ್ ಕಿಟಕಿಯಷ್ಟೇ ಮುಖ್ಯ. ಅಲ್ಲಿಂದ ಯಾರೂ ಇಣುಕಲಾರರು, ಆದರೂ ಎಷ್ಟೋ ಮನೆಗಳಲ್ಲಿ ಅದನ್ನೂ ರಟ್ಟು ಹಚ್ಚಿ ಮುಚ್ಚಿರುತ್ತಾರೆ. ಇವತ್ತೇ ಏಣಿ ಹಾಕಿ ಆ ರಟ್ಟು ತೆಗೆಯಿರಿ. ಗಾಳಿಯಾಡದ ಕೋಣೆಯಲ್ಲಿ ಕ್ಷಯದ ರೋಗಾಣು ಒಬ್ಬರಿಂದ ಮನೆಮಂದಿಗೆಲ್ಲ ಹರಡುವುದು ಸುಲಭ. ಗಾಳಿ ಬೆಳಕು ಬಂದರೆ ಅದರ ಬಲ ಕುಗ್ಗುತ್ತದೆ.

ತಲೆಬಾಗಿಲಿನ ವಿಷಯವೂ ಇದೇ. ಬಾಗಿಲು ತೆರೆದರೆ ಅಡುಗೆಮನೆವರೆಗೆ ನೇರ ಕಾಣುವಂತೆ ಕಟ್ಟಿದರೆ ಮನೆಯ ಎಲ್ಲ ಬಾಗಿಲುಗಳನ್ನೂ ಹಗಲೆಲ್ಲ ಮುಚ್ಚಿಯೇ ಇಡಬೇಕಾಗುತ್ತದೆ. ಪಕ್ಕಕ್ಕೆ ಸರಿದು ನಿಂತು, ಸಲಾಂ ಹೇಳಿ, ಒಳಬರಲು ಅನುಮತಿ ಕೇಳುವ ಶಿಷ್ಟಾಚಾರ ನಮ್ಮಲ್ಲಿ ಇದೆಯಲ್ಲ, ಮನೆಯೂ ಅದಕ್ಕೆ ತಕ್ಕಂತೆ ಇರಲಿ. ಬಾಗಿಲಿನ ಒಳಗೆ ನಾಲ್ಕು ಅಡಿ ಬಿಟ್ಟು ಒಂದು ಅಡ್ಡಗೋಡೆ, ಅದಾಗದಿದ್ದರೆ ಬಿದಿರಿನ ತಡಿಕೆ, ಸಾಕು. ಬಂದವರು ಒಂದು ತಿರುವು ತಿರುಗಿ ಒಳಬರುತ್ತಾರೆ, ಒಳಗಿನ ಬಾಗಿಲುಗಳು ತೆರೆದೇ ಇರಬಹುದು.

ಅತಿಥಿಗೆ ಕಟ್ಟೆ

ಸ್ವಾಗತ ಎಂದರೆ ಶೋಕೇಸ್ ಇರುವ ಕೋಣೆ ಎಂದು ನಾವು ತಿಳಿದುಕೊಂಡಿದ್ದೇವೆ. ಮನೆಯ ದೊಡ್ಡ ಕೋಣೆ, ತಂಪಾದ ಕೋಣೆ, ಫ್ಯಾನು ಚೆನ್ನಾಗಿ ತಿರುಗುವ ಕೋಣೆ ವರ್ಷಕ್ಕೆ ಹತ್ತು ದಿನ ಬರುವ ಅತಿಥಿಗೆ ಮೀಸಲು. ದಿನವೂ ಇರುವ ಆರು ಜನ ಹಿಂದಿನ ಎರಡು ಗೂಡುಗಳಲ್ಲಿ. ಸೋಫಾದ ಪ್ಲಾಸ್ಟಿಕ್ ಕವರು ತೆಗೆಯದ ಮನೆಗೆ ಹೋಗಿ ಕುಳಿತಾಗ ಅತಿಥಿಗೂ ಮುಜುಗರವೇ ಆಗುತ್ತದೆ, ಕೇಳಿ ನೋಡಿ. ಹಳೆಯ ಮನೆಯ ಕಟ್ಟೆ ಈ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತಿತ್ತು. ಹೊಲದಿಂದ ಬಂದವರು, ಸಂತೆಗೆ ಹೊರಟವರು, ಹಾಲಿನವನು, ಎಲ್ಲರೂ ಕಟ್ಟೆಯ ನೆರಳಲ್ಲಿ ಕುಳಿತು ನೀರು ಕುಡಿದು ಹೋಗುತ್ತಿದ್ದರು. ಒಳಗಿನವರಿಗೆ ಒಳಗೇ ಸ್ವಾತಂತ್ರ್ಯ. ಈಗ ಕಟ್ಟೆಯ ಜಾಗಕ್ಕೆ ಗೇಟು, ಗೇಟಿನ ಹಿಂದೆ ಬೈಕು.

ಬೈಕಿಗೂ ಜಾಗ ಬೇಕು, ಒಪ್ಪಿದೆ. ಆದರೆ ಒಂದೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಒಂದು ಕಟ್ಟೆಗೆ ಎಷ್ಟು ಜಾಗ ಬೇಕು? ಮೇಲೆ ಒಂದು ಕಡಪ ಕಲ್ಲು ಅಥವಾ ಕೂಡ್ಲಿಗಿ ಕಡೆ ಧಾರಾಳವಾಗಿ ಸಿಗುವ ಬಂಡೆಗಲ್ಲಿನ ಚಪ್ಪಡಿ, ಪಕ್ಕದಲ್ಲಿ ಮಣ್ಣಿನ ಹರಿವೆ, ಅದರ ಮೇಲೆ ಮುಚ್ಚಳ, ಹಿಡಿಯಿರುವ ಲೋಟ. ಬಿಸಿಲಲ್ಲಿ ಕೊರಿಯರ್ ತಂದ ಹುಡುಗನಿಗೂ ಅದು ಸ್ವಾಗತವೇ.

ಒಳಗೆ ಕುಳಿತುಕೊಳ್ಳಲು ನೆಲಕ್ಕೆ ಜಮಖಾನ ಹಾಸಿದರೂ ಆದೀತು. ನವಲಗುಂದದ ಜಮಖಾನ ಗೊತ್ತಿರಬೇಕು. ಅದನ್ನು ಮಗ್ಗದ ಮೇಲೆ ನೇಯುತ್ತ ಬಂದವರು ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳೇ, ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ನಮಾಝಿನ ಹಾಸೂ ಅವರಲ್ಲಿ ನೇಯಲಾಗುತ್ತದೆ. ಬರಿಯ ಟೈಲ್ಸ್ ಕೋಣೆಯಲ್ಲಿ ಒಂದು ಪಾತ್ರೆ ಬಿದ್ದರೂ ಗುಡುಗಿದಂತಾಗುತ್ತದೆ, ಮಗು ಅತ್ತರೆ ಮನೆಯೇ ಅಳುತ್ತದೆ. ನೆಲಕ್ಕೆ ಜಮಖಾನ, ದಿವಾನದ ಮೇಲೆ ಅಜ್ಜಿ ಹೊಲಿದ ಕೌದಿ, ಕಿಟಕಿಗೆ ಹತ್ತಿ ಪರದೆ ಬಂದರೆ ಸದ್ದು ಹೀರಿಕೊಂಡು ಮನೆ ಮೆತ್ತಗಾಗುತ್ತದೆ. ವಾರಕ್ಕೊಮ್ಮೆ ಇವನ್ನು ಬಿಸಿಲಿಗೆ ಹಾಕಿ ಕೊಡವಬೇಕು. ನಮ್ಮ ಊರುಗಳಲ್ಲಿ ಕೊರತೆಯಿಲ್ಲದ್ದು ಬಿಸಿಲು ಒಂದೇ, ಅದನ್ನು ಹೀಗಾದರೂ ಬಳಸೋಣ.

ಪಶ್ಚಿಮದ ಗೋಡೆ

ನಮ್ಮ ಭಾಗದಿಂದ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಹಾಗಾಗಿ ಮನೆಯಲ್ಲಿ ನಮಾಝಿಗೆ ನಿಲ್ಲುವುದು ಬಹಳಷ್ಟು ಸಲ ಪಶ್ಚಿಮದ ಗೋಡೆಗೆ ಮುಖಮಾಡಿ. ಬೇಸಿಗೆಯ ಅಸರ್ ಹೊತ್ತಿಗೆ ಆ ಗೋಡೆಯ ಮೇಲೆ ಕೈಯಿಟ್ಟು ನೋಡಿದ್ದೀರಾ? ಕಾದ ಹೆಂಚು. ಇಡೀ ಮನೆಯಲ್ಲಿ ಮನಸ್ಸು ಅತ್ಯಂತ ಶಾಂತವಾಗಿರಬೇಕಾದ ಜಾಗವೇ ಅತ್ಯಂತ ಬಿಸಿ. ಹೊರಗೆ ಜಾಗವಿದ್ದರೆ ಪಶ್ಚಿಮಕ್ಕೆ ಒಂದು ಬೇವು ಅಥವಾ ಹೊಂಗೆ ನೆಡಿ, ಮೂರ್ನಾಲ್ಕು ವರ್ಷದಲ್ಲಿ ನೆರಳು ಗೋಡೆಗೆ ಬೀಳುತ್ತದೆ. ಜಾಗವಿಲ್ಲದಿದ್ದರೆ ಗೋಡೆಯಿಂದ ಗೇಣು ದೂರಕ್ಕೆ ತಂತಿ ಕಟ್ಟಿ ಬಳ್ಳಿ ಹಬ್ಬಿಸಿ, ಇಲ್ಲವೇ ಹೊರಮೈಗೆ ಬಿಳಿ ಸುಣ್ಣ ಹೊಡೆಸಿ. ಹೊಸದಾಗಿ ಕಟ್ಟುವವರು ಉಗ್ರಾಣವನ್ನೋ, ಮೆಟ್ಟಿಲನ್ನೋ ಪಶ್ಚಿಮಕ್ಕೆ ಹಾಕಿ, ಬಿಸಿಲಿನ ಏಟನ್ನು ಅವು ತಿನ್ನಲಿ. ಶೌಚಾಲಯ ಆ ಕಡೆಗೆ ಬಂದರೆ ಪ್ಯಾನನ್ನು ಉತ್ತರ ದಕ್ಷಿಣವಾಗಿ ಕೂರಿಸಲು ಪಾಯ ಹಾಕುವಾಗಲೇ ಮೇಸ್ತ್ರಿಗೆ ಹೇಳಿಬಿಡಿ. ಪೈಪು ಹೂತ ಮೇಲೆ ನೆನಪಾಗಿ ಒಡೆಸಿದವರನ್ನು ನೋಡಿದ್ದೇನೆ.

ನಮಾಝಿನ ಮೂಲೆಗೆ ಅಲಂಕಾರ ಬೇಡ. ಎದುರು ಗೋಡೆ ಬೋಳಾಗಿರಲಿ. ಕ್ಯಾಲೆಂಡರ್, ಟಿವಿ, ಮಿಣುಕು ದೀಪದ ಗಡಿಯಾರ ಯಾವುದೂ ಕಣ್ಣಿಗೆ ಬೀಳದಿರಲಿ. ಅಷ್ಟು ಖಾಲಿ ಜಾಗ ಮನೆಯಲ್ಲಿ ಇದ್ದರೆ ಬೇರೆ ಹೊತ್ತಿನಲ್ಲೂ ಯಾರಾದರೂ ಅಲ್ಲಿಗೆ ಹೋಗಿ ಸುಮ್ಮನೆ ಕುಳಿತಿರುವುದನ್ನು ನೀವೇ ಕಾಣುತ್ತೀರಿ. ನಮ್ಮ ಮನೆಯಲ್ಲಿ ಪರೀಕ್ಷೆಗೆ ಓದುವ ಮಗಳು ಆ ಜಾಗ ಹಿಡಿದಳು.

ವುಝೂ ಮಾಡುವ ಜಾಗ ಇದಕ್ಕಿಂತ ಮುಖ್ಯ, ಆದರೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ವಾಶ್‌ಬೇಸಿನ್ ಒಂದಿದ್ದರೆ ಆಯಿತು ಎನ್ನುತ್ತಾರೆ. 70 ದಾಟಿದ ಅಮ್ಮ ಒಂದು ಕಾಲು ಎತ್ತಿ ಬೇಸಿನ್‌ಗೆ ಇಟ್ಟು ತೊಳೆಯುವಾಗ ಇನ್ನೊಂದು ಕಾಲು ಒದ್ದೆ ಟೈಲ್ಸ್ ಮೇಲಿರುತ್ತದೆ. ತೊಡೆಯ ಮೂಳೆ ಮುರಿದ ಎಷ್ಟೋ ಕಥೆಗಳು ಶುರುವಾಗುವುದು ಅಲ್ಲಿಂದ. ಒಂದೂವರೆ ಅಡಿ ಎತ್ತರದ ಕಲ್ಲಿನ ಆಸನ, ಎದುರಿಗೆ ಕೈಗೆಟುಕುವ ನಲ್ಲಿ, ಕಾಲ ಕೆಳಗೆ ಇಳಿಜಾರಿನ ಸಣ್ಣ ಕಾಲುವೆ, ನೆಲಕ್ಕೆ ಉರುಟು ಕಲ್ಲು, ಏಳುವಾಗ ಹಿಡಿಯಲು ಗೋಡೆಗೊಂದು ಕಬ್ಬಿಣದ ಹಿಡಿ. ಆ ನೀರಿನಲ್ಲಿ ಸೋಪಿಲ್ಲ, ಚರಂಡಿಗೆ ಯಾಕೆ ಬಿಡಬೇಕು? ಪೈಪು ತಿರುಗಿಸಿ ಗಿಡಕ್ಕೆ ಕೊಡಿ. ಹಡಗಲಿ ಮಲ್ಲಿಗೆಯ ಒಂದು ಗಿಡ ಅಲ್ಲಿ ಹಿಡಿದರೆ ಸಂಜೆಗೆ ಅಗರಬತ್ತಿಯೂ ಬೇಡ, ರೂಮ್ ಫ್ರೆಶ್ನರೂ ಬೇಡ. ನೀರು ನಿಂತು ಕೆಸರಾಗದಂತೆ ಮಾತ್ರ ನೋಡಿಕೊಳ್ಳಿ.

ನೀರು ನಿಲ್ಲುವ ಮಾತು ಬಂದಾಗ ತೊಟ್ಟಿಯನ್ನೂ ಹೇಳಿಬಿಡಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಲ್ಲಿ ನೀರು ತುಂಬಿಡದೆ ಆಗದು. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಅದೇ ತಿಳಿನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳೆಂಟು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ.

ಈಗ ಅಡುಗೆಮನೆಗೆ ಬರೋಣ

ರಮಝಾನಿನಲ್ಲಿ ಉಪವಾಸ ಹಿಡಿದು ಸಂಜೆ ಎರಡು ಗಂಟೆ ಬಾಣಲೆಯ ಮುಂದೆ ನಿಲ್ಲುವವರು ಯಾರು? ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವರಿಗೆ ಮನೆಯ ಅತಿ ಕೆಟ್ಟ ಕೋಣೆ ಕೊಡುವುದು ನಮ್ಮ ವಾಡಿಕೆಯಾಗಿಬಿಟ್ಟಿದೆ. ನಕ್ಷೆಯಲ್ಲಿ ಮಿಕ್ಕ ಜಾಗವೇ ಅಡುಗೆಮನೆ. ನನ್ನ ಮಾತು ಖಾರವಾಯಿತು ಎನ್ನಿಸಿದರೆ ನಿಮ್ಮ ಮನೆಯ ನಕ್ಷೆ ತೆಗೆದು ಅಡುಗೆಮನೆಯನ್ನು ಹಾಲ್ ಜೊತೆ ಹೋಲಿಸಿ ನೋಡಿ.

ಒಲೆ ಇರುವ ಗೋಡೆಯಲ್ಲಿ ಎತ್ತರಕ್ಕೆ ಬಿಸಿಗಾಳಿ ಎಳೆಯುವ ಫ್ಯಾನು, ಎದುರು ಗೋಡೆಯಲ್ಲಿ ಕಿಟಕಿ. ಗ್ಯಾಸ್ ಇರುವ ಮನೆಯವರು ಒಂದು ವಿಷಯ ಗಮನಿಸಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅದು ಮೇಲೇರುವುದಿಲ್ಲ, ನೆಲದ ಮೇಲೆ ಹರಡಿ ಕುಳಿತಿರುತ್ತದೆ. ಆದ್ದರಿಂದ ಮೇಲಿನ ವೆಂಟಿಲೇಟರಿನ ಜೊತೆ ಸಿಲಿಂಡರ್ ಇರುವ ಕಡೆ ನೆಲಮಟ್ಟದಲ್ಲೂ ಒಂದು ಜಾಲಿ ಕಿಂಡಿ ಬೇಕು. 2016ರ ಉಜ್ವಲಾ ಯೋಜನೆಯಿಂದ ಗ್ಯಾಸ್ ಬಂದ ಮನೆಗಳಲ್ಲೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಉರಿಯುವುದನ್ನು ನಾವೆಲ್ಲ ಬಲ್ಲೆವು. ಉರಿಯಲಿ, ಆದರೆ ಹೊಗೆ ಮನೆಯೊಳಗೆ ಸುತ್ತದಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದೇ ಅಸ್ತ್ರ ಒಲೆ ರೂಪಿಸಿದ್ದು ಇದಕ್ಕಾಗಿ. ಹೊಗೆ ಕೊಳವೆಯ ಮೂಲಕ ಮಾಳಿಗೆಯ ಮೇಲಕ್ಕೆ ಹೋಗುತ್ತದೆ, ಕಟ್ಟಿಗೆಯೂ ಕಡಿಮೆ ಸಾಕು. ಕೊಳವೆಯ ಮಸಿ ತೆಗೆಯದೆ ಬಿಟ್ಟರೆ ಯಾವ ಒಲೆಯೂ ಹೊಗೆ ಕಕ್ಕುತ್ತದೆ ಎಂಬುದನ್ನೂ ಹೇಳಬೇಕು.

ಅಡುಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಅಭ್ಯಾಸಕ್ಕೆ ಬಿಡಬೇಡಿ. ಅಡುಗೆ ಮಾಡುವವರು ನಿಂತು ಮೊಣಕೈ ಮಡಚಿದಾಗ ಮೊಣಕೈಗಿಂತ ನಾಲ್ಕು ಅಂಗುಲ ಕೆಳಗೆ ಕಟ್ಟೆ ಇರಲಿ. ಬೆನ್ನುನೋವಿನ ಮಾತ್ರೆಯ ಖರ್ಚು ಅಷ್ಟರಲ್ಲೇ ಉಳಿಯಬಹುದು. ಕೂರಲು ಒಂದು ಎತ್ತರದ ಮಣೆ, ಕಿಟಕಿಯಾಚೆ ಕರಿಬೇವಿನ ಗಿಡ. ತರಕಾರಿ ಹೆಚ್ಚುವವರಿಗೂ ಕಣ್ಣು ಹಾಯಿಸಲು ಹಸಿರು ಬೇಕು.

ಮನೆಯೊಳಗೇ ಇರುವ, ಹೊರಗೆ ಹೋದರೆ ಮೈತುಂಬ ಉಡುವ ಹೆಣ್ಣುಮಕ್ಕಳಿಗೆ ಡಿ ಜೀವಸತ್ವದ ಕೊರತೆ ಬರುವುದು ಸುಲಭ. ಮೂಳೆ ನೋವು, ಸುಸ್ತು ಎಂದು ಹೇಳುತ್ತಲೇ ಇರುತ್ತಾರೆ, ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಗಾಜಿನ ಕಿಟಕಿಯಿಂದ ಬರುವ ಬಿಸಿಲು ಇದಕ್ಕೆ ಉಪಯೋಗವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮಾಳಿಗೆಯ ಒಂದು ಮೂಲೆಗೆ ಆರು ಅಡಿ ಎತ್ತರದ ಇಟ್ಟಿಗೆ ಜಾಲಿ ಕಟ್ಟಿಸಿ, ಪಕ್ಕದ ಮಾಳಿಗೆಯವರ ಕಣ್ಣು ಬೀಳದಂತೆ. ಬೆಳಗಿನ ಕೆಲಸ ಮುಗಿದ ಮೇಲೆ ತೋಳು, ಕಾಲಿಗೆ ನೇರ ಬಿಸಿಲು ತಾಗುವಂತೆ ಒಂದಷ್ಟು ಹೊತ್ತು ಕುಳಿತು ಬರಲಿ. ನೋವು ಹೆಚ್ಚಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಬಾಡಿಗೆ ಮನೆಯವರು ನಮಗೇನು ಎಂದು ಕೇಳುತ್ತೀರಿ. ಸುಣ್ಣ ಇದೆಯಲ್ಲ. ಸೋಸಿದ ಸುಣ್ಣದ ತಿಳಿಗೆ ಸ್ವಲ್ಪ ಅಂಟು ಬೆರೆಸಿ ಮಾರ್ಚ್ ತಿಂಗಳಲ್ಲಿ ಮಾಳಿಗೆಯ ಮೇಲೆ ಎರಡು ಮೂರು ಕೋಟು ಹೊಡೆದರೆ ಬಿಳಿ ಮೈ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಕೆಳಗಿನ ಕೋಣೆ ಕೆಲವು ಡಿಗ್ರಿ ತಣ್ಣಗಾಗುತ್ತದೆ. ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿ ತಂದಿತು. ಒಂದು ಚೀಲ ಸುಣ್ಣದ ಬೆಲೆಗೆ ಕೂಲರಿನ ಒಂದು ಚಕ್ರವೂ ಬರುವುದಿಲ್ಲ. ಸುಣ್ಣ ಕುದಿಸುವಾಗ ಮಕ್ಕಳನ್ನು ದೂರವಿಡಿ, ಹೊಡೆಯುವಾಗ ಕಣ್ಣಿಗೆ ಕನ್ನಡಕ ಹಾಕಿ. ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಬೇಕು. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಮರು ವರ್ಷ ಮತ್ತೆ ಹೊಡೆಯಿರಿ. ಹಿರಿಯರು ವರ್ಷವರ್ಷ ಚವಳು ಮಣ್ಣು ಹೊತ್ತು ಹಾಕುತ್ತಿರಲಿಲ್ಲವೇ?

ಸ್ವಂತ ಮನೆ ಕಟ್ಟುತ್ತಿರುವವರಿಗೆ ಒಂದು ಕೋರಿಕೆ. ಗೋಡೆ ಲಿಂಟಲ್ ಮಟ್ಟಕ್ಕೆ ಬರುವ ಮುಂಚೆ, ಕಿಟಕಿ ಬದಲಾಯಿಸಲು ಇನ್ನೂ ಸಾಧ್ಯವಿರುವಾಗ, ಮನೆಯ ಹೆಂಗಸರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಅಮ್ಮನೂ ಬರಲಿ. ಅಡುಗೆಮನೆ ಆಗುವ ಜಾಗದಲ್ಲಿ ನಿಂತು ಬೀದಿ ಎಲ್ಲಿ ಕಾಣುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಅವರೇ ಹೇಳಲಿ, ಮೇಸ್ತ್ರಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಲಿ. ಬೆಳಗಿನ ತಂಪಿನಲ್ಲಿ ಬೇಡ, ಮಧ್ಯಾಹ್ನ 3 ಗಂಟೆಗೆ ಹೋಗಿ.